ವಯರ್ ನಿನ್ನ ಕೈಗೂ ಬರಲಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗ ಉತ್ತರ ಕೊಡಲು ಆಗಲಿಲ್ಲ. ಅಂಗಡಿ ತುಂಬ ಪಂಪು ಬಿಚ್ಚಿ ಹಾಕಿತ್ತು, ತೋಟದವರು ಎದುರೇ ನಿಂತಿದ್ದರು. ಬೇಸಗೆ ಶುರುವಾದರೆ ಕಾಸರಗೋಡಿನ ಈ ಪೆರ್ಲದಲ್ಲಿ ನನ್ನ ಪಾಡು ನಿನಗೆ ಗೊತ್ತೇ ಇದೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಶಾಲೆ ಬಿಟ್ಟ ಮೇಲೆ ಲಿಟಲ್ ಕೈಟ್ಸ್‌ಗೆ, ಅದೇ ನಿಮ್ಮ ಶಾಲೆಯ ಐಟಿ ಕ್ಲಬ್ಬಿಗೆ, ನಿಲ್ಲುವುದು ಬಿಟ್ಟು ಟ್ಯೂಷನ್‌ಗೆ ಸೇರಲಾ ಅಂತ ಕೇಳಿದೆ. ಕಾರಣ ಬರುವ ವರ್ಷದ ಹತ್ತನೇ ತರಗತಿ ಅಂದೆ. ಆಮೇಲೆ ಮೆಲ್ಲ ಇನ್ನೊಂದು ಮಾತು ಹೇಳಿದೆ. ನಿಮ್ಮ ಗುಂಪಿನವರು ತಾನಾಗಿ ತೆರೆಯುವ ಗೇಟ್ ಮಾಡುತ್ತಿದ್ದಾರೆ, ಹುಡುಗರು ವಯರ್ ಜೋಡಿಸುತ್ತಾರೆ, ನಿನಗೆ ಸಿಕ್ಕಿದ್ದು ರೆಕಾರ್ಡ್ ಪುಸ್ತಕ ಮತ್ತು ಚಾರ್ಟ್. ಕಡೆಗೆ ಎದ್ದು ನಿಂತು ವಿವರಿಸುವುದೂ ನೀನೇ. ನನಗೆ ನಿಜವಾದ ಕಾರಣ ಇದೇ ಅನ್ನಿಸಿತು.

ಹತ್ತನೇ ತರಗತಿಯ ವಿಷಯ ಮೊದಲು ಮುಗಿಸುತ್ತೇನೆ. 2025ರ ಜೂನಿನಿಂದ ಕೇರಳದಲ್ಲಿ ಹತ್ತನೆಯವರ ಐಸಿಟಿ (ಕಂಪ್ಯೂಟರ್) ಪಾಠದಲ್ಲೇ ರೋಬೋಟಿಕ್ಸ್ ಬಂದಿದೆ. ನೀನು ಈಗ ಬಿಟ್ಟರೂ ಅದು ನಿನ್ನನ್ನು ಬಿಡುವುದಿಲ್ಲ. ಇಂಥ ಚಟುವಟಿಕೆಗೆ ಸಿಗುವ ಗ್ರೇಸ್ ಮಾರ್ಕಿನ ಮಾತನ್ನು ಮಾವ ಎತ್ತಿದರೆ ಅವರ ಹತ್ತಿರವೇ ಮಾತಾಡಿಕೋ. ನನಗೆ ಅದರಲ್ಲಿ ಜಾಸ್ತಿ ಆಸಕ್ತಿ ಇಲ್ಲ.

ಈಗ ವಯರಿನ ವಿಷಯ. ನಿನ್ನನ್ನು ಬೇಕೆಂದೇ ದೂರ ಇಟ್ಟಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ನಿನಗೆ ಕನ್ನಡ, ತುಳು, ಮಲಯಾಳ ಮೂರೂ ಸಲೀಸು. ಕ್ಯಾಂಪಿನಲ್ಲಿ ಮಲಯಾಳದಲ್ಲಿ ಹೇಳಿದ್ದನ್ನು ನೀನು ಅಲ್ಲೇ ಕನ್ನಡದಲ್ಲಿ ಬರೆದು ಉಳಿದವರಿಗೆ ಕೊಡುತ್ತೀ. ಅಕ್ಷರವೂ ಚೆನ್ನಾಗಿದೆ. ಇಂಥವರು ಸಿಕ್ಕಿದರೆ ಯಾರು ಬಿಡುತ್ತಾರೆ? ಕಿಟ್ ಕೂಡ ಎಲ್ಲರ ಕೈಗೆ ಸಾಲುವಷ್ಟು ಇಲ್ಲ. 2018ರಲ್ಲಿ ಲಿಟಲ್ ಕೈಟ್ಸ್ ಶುರುವಾಯಿತು, 2022ರ ಡಿಸೆಂಬರಿನಲ್ಲಿ 2,000 ಶಾಲೆಗಳಿಗೆ 9,000 ರೋಬೋಟಿಕ್ ಕಿಟ್ ಹಂಚುವ ಕೆಲಸ ಶುರುವಾಯಿತು. ಲೆಕ್ಕ ಹಾಕಿದರೆ ಶಾಲೆಗೆ ನಾಲ್ಕೋ ಐದೋ. ಆಮೇಲೆ ಇನ್ನಷ್ಟು ಬಂದಿವೆ, ಆದರೂ ವಯರ್ ಸಿಕ್ಕಿಸುವ ಒಂದು ಬ್ರೆಡ್‌ಬೋರ್ಡಿನ ಮೇಲೆ ಒಂದು ಸಲಕ್ಕೆ ಎರಡೇ ಕೈ ಆಡುವುದು. ಯಾರು ಮೊದಲು ಕೈ ಹಾಕುತ್ತಾರೋ ಅವರು ಕಲಿಯುತ್ತಾರೆ. ಉಳಿದವರು ನೋಡುತ್ತಾರೆ.

ನೋಡಿದರೆ ಈ ಕೆಲಸ ಬರುವುದಿಲ್ಲ ಮಗಳೇ. ನನ್ನ ಅಂಗಡಿಗೆ ಐಟಿಐ ಮುಗಿಸಿ ಬಂದ ಎಷ್ಟೋ ಹುಡುಗರನ್ನು ನೋಡಿದ್ದೇನೆ. ಮೋಟರ್ ಜೋಡಣೆಯ ಚಿತ್ರ ಬಿಡಿಸು ಅಂದರೆ ಸ್ಟಾರ್, ಡೆಲ್ಟಾ ಎಲ್ಲ ಬಿಡಿಸುತ್ತಾರೆ. ಸುಟ್ಟ ಕಾಯಿಲ್ ಬಿಚ್ಚಿ ಸುತ್ತು ಎಣಿಸು ಅಂದರೆ ಕೈ ನಡುಗುತ್ತದೆ.

ನಿನಗೆ ಅಫ್ಘಾನಿಸ್ತಾನದ ಹುಡುಗಿಯರ ಕಥೆ ಹೇಳಬೇಕು. ಅಮೆರಿಕದಲ್ಲಿ ಡೀನ್ ಕೇಮನ್ ಎಂಬವರು ಮಕ್ಕಳಿಗೆ ವಿಜ್ಞಾನದ ಹುಚ್ಚು ಹಿಡಿಯಲಿ ಅಂತ 1989ರಲ್ಲಿ ಫಸ್ಟ್ ಎಂಬ ಸಂಸ್ಥೆ ಕಟ್ಟಿದರು. 2017ರಲ್ಲಿ ಅವರದೇ ಮುಂದಾಳತ್ವದಲ್ಲಿ ವಾಷಿಂಗ್ಟನ್‌ನಲ್ಲಿ ದೇಶ ದೇಶಗಳ ಮಕ್ಕಳ ರೋಬೋಟ್ ಸ್ಪರ್ಧೆ ನಡೆಯಿತು. ಅಫ್ಘಾನಿಸ್ತಾನದ ಹೆರಾತ್‌ನ ಆರು ಹುಡುಗಿಯರಿಗೆ ಎರಡು ಸಲ ವೀಸಾ ನಿರಾಕರಿಸಿದರು. ದೊಡ್ಡ ಸುದ್ದಿಯಾಗಿ, ಕಡೆ ಗಳಿಗೆಯಲ್ಲಿ ಬಿಟ್ಟರು. ಹೋಗಿ ಧೈರ್ಯದ ಸಾಧನೆಗೆ ಬೆಳ್ಳಿ ಪದಕ ತಂದರು. ಪೇಪರಿನವರಿಗೆ ಅಷ್ಟು ಸಾಕಾಯಿತು. ನನಗೆ ಇಷ್ಟವಾದದ್ದು ಆಮೇಲಿನದ್ದು. 2020ರಲ್ಲಿ ಕೊರೊನಾ ಬಂದಾಗ ಅದೇ ತಂಡದ ಹುಡುಗಿಯರು ಟೊಯೋಟಾ ಕೊರೊಲ್ಲಾ ಕಾರಿನ ಬಿಡಿಭಾಗ, ಹೋಂಡಾ ಬೈಕಿನ ಚೈನು ಎಲ್ಲ ಸೇರಿಸಿ ವೆಂಟಿಲೇಟರಿನ ಮಾದರಿ ಮಾಡಿದರು. ಗುಜರಿ ಮೋಟರಿನ ಮುಂದೆ ಕೂತು ಇದರಿಂದ ಏನು ಮಾಡಬಹುದು ಅಂತ ಯೋಚಿಸುವುದು ರೆಕಾರ್ಡ್ ಬರೆದವರಿಗೆ ಹೊಳೆಯುವಂಥದ್ದಲ್ಲ.

ಹಾಗಾಗಿ ಟೀಚರ ಹತ್ತಿರ ಒಂದೇ ಮಾತು ಕೇಳು. ಈ ವಾರ ವಯರ್ ಹಿಡಿದವರು ಬರುವ ವಾರ ಪುಸ್ತಕ ಹಿಡಿಯಲಿ. ಜಗಳ ಬೇಡ, ದೂರೂ ಬೇಡ. ಆ ಹುಡುಗರೂ ಎದ್ದು ನಿಂತು ನಾಲ್ಕು ಮಾತು ಆಡಲು ಕಲಿಯಲಿ, ಅಲ್ವಾ?

ನಿನ್ನ ಸರದಿ ಬಂದಾಗ ಬರಿಗೈಯಲ್ಲಿ ಹೋಗಬೇಡ. ಗೇಟನ್ನು ತಿರುಗಿಸುವ ಪುಟ್ಟ ಮೋಟರು, ಆ ಸರ್ವೋ, ತಿರುಗಲು ಹೊರಟ ಕೂಡಲೇ ಬೋರ್ಡ್ ಆಫ್ ಆಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಅಂದೆಯಲ್ಲ, ಹುಡುಗರು ಪ್ರೋಗ್ರಾಂ ತಪ್ಪು ಅಂತ ಅದನ್ನೇ ತಿದ್ದುತ್ತಾ ಕೂತಿದ್ದಾರೆ ಅಂತ. ನನಗೆ ಪ್ರೋಗ್ರಾಂ ಮೇಲೆ ಸಂಶಯ ಇಲ್ಲ. ನಮ್ಮ ತೋಟದ ಪಂಪು ಹಾಕಿದಾಗ ಮನೆಯ ಬಲ್ಬು ಒಮ್ಮೆ ಮಂಕಾಗುತ್ತದಲ್ಲ, ಅದೇ ಇದು. ಯಾವ ಮೋಟರೂ ಹೊರಡುವಾಗ ಜಾಸ್ತಿ ಕರೆಂಟು ಎಳೆಯುತ್ತದೆ. ಲ್ಯಾಪ್‌ಟಾಪಿನ ಮಾಮೂಲಿ ಯುಎಸ್‌ಬಿ ಕೊಡುವುದು ಹೆಚ್ಚೆಂದರೆ 500 ಮಿಲಿಆಂಪ್. ವೋಲ್ಟೇಜ್ ಕುಸಿದರೆ ನಿಮ್ಮ ಬೋರ್ಡ್, ಅಂದರೆ ಆರ್ಡುಯಿನೋ, ರೀಸೆಟ್ ಆಗುತ್ತದೆ. ಸರ್ವೋದ ಕೆಂಪು ವಯರಿಗೆ ಬೇರೆ 5 ವೋಲ್ಟ್ ಕೊಡು. ಆದರೆ ಎರಡೂ ಕಡೆಯ ಗ್ರೌಂಡ್ ಒಟ್ಟಿಗೆ ಸೇರಿಸಲು ಮರೆಯಬೇಡ, ಇಲ್ಲದಿದ್ದರೆ ಬೋರ್ಡ್ ಕಳಿಸುವ ಸಿಗ್ನಲ್ ಸರ್ವೋಗೆ ತಿಳಿಯುವುದೇ ಇಲ್ಲ. ಕರೆಂಟು ಸ್ವಲ್ಪ ಹಿಡಿದಿಟ್ಟು ಬೇಕಾದಾಗ ಬಿಡುವ ಒಂದು ಕೆಪಾಸಿಟರ್ (ನಾವು ಕಂಡೆನ್ಸರ್ ಅನ್ನುವುದು) ಹಾಕಿದರೆ ಇನ್ನೂ ಒಳ್ಳೆಯದು. ಅಂಗಡಿಯ ಪಂಪಿನ ಕಂಡೆನ್ಸರ್ ತಂದು ಸಿಕ್ಕಿಸಬೇಡ ಮಾರಾಯ್ತಿ, ಅದು ಎಸಿಯದ್ದು. ಇದಕ್ಕೆ ಬೇಕಾದ್ದು ಚಿಕ್ಕದು, ಉದ್ದ ಕಾಲು ಪ್ಲಸ್ಸಿಗೆ.

ಇನ್ನೊಂದು. ಪ್ರದರ್ಶನದ ದಿನ ಗೇಟನ್ನು ಅಂಗಳದ ಬಿಸಿಲಿನಲ್ಲಿ ಇಡಬೇಡಿ. ಹತ್ತಿರ ಬಂದವರನ್ನು ಕಂಡುಹಿಡಿಯುವ ಐಆರ್ ಸೆನ್ಸರ್ ನೋಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು; ಬಿಸಿಲಿನಲ್ಲೂ ಅದು ಇದೆ, ಸೆನ್ಸರ್ ತಲೆಕೆಟ್ಟವರ ಹಾಗೆ ಗೇಟು ತೆರೆಯುತ್ತದೆ, ಮುಚ್ಚುತ್ತದೆ. ಕಪ್ಪು ಬಟ್ಟೆ ಹಾಕಿ ಬಂದವರನ್ನು ಕಾಣದೆಯೂ ಹೋಗಬಹುದು.

ಸರ್ವೋ ಹಾಳಾದರೆ ಬಿಸಾಡಲು ಬಿಡಬೇಡ, ಟೀಚರನ್ನು ಕೇಳಿ ಮನೆಗೆ ತಾ. ಒಟ್ಟಿಗೆ ಬಿಚ್ಚೋಣ. ಒಳಗೆ ಪುಟ್ಟ ಡಿಸಿ ಮೋಟರ್, ಗಿಯರುಗಳು, ಎಷ್ಟು ತಿರುಗಿದ್ದೇನೆ ಅಂತ ಅಳೆಯುವ ಪೊಟೆನ್ಶಿಯೋಮೀಟರ್ ಇರುತ್ತದೆ. ಇಷ್ಟು ವರ್ಷ ಮೋಟರ್ ಸುತ್ತಿದ ನನಗೆ ಅದನ್ನು ನೋಡಬೇಕು ಅಂತ ಆಸೆ.

ಈ ರಜೆಯಲ್ಲಿ ನನ್ನದೊಂದು ಕೆಲಸವೂ ಇದೆ. ಅಂಗಳದಲ್ಲಿ ಅಡಿಕೆ ಹರವಿದ್ದೇವೆ. ಒಣಗಿ ಚಾಲಿ ಅಡಿಕೆ ಆಗಲು ನಲವತ್ತು ದಿನಕ್ಕೂ ಮೇಲೆ ಬಿಸಿಲು ಬೇಕು, ನಡುವೆ ಒಂದು ಮಳೆ ಬಿದ್ದರೆ ಬೂಷ್ಟು ಹಿಡಿದು ರೇಟು ಹೋಗುತ್ತದೆ. ಮಳೆ ಸೆನ್ಸರ್ ಒಂದಿಟ್ಟು ಬಝರ್ ಕೂಗಿಸಿದರೆ ಟರ್ಪಾಲು ಎಳೆಯಲು ನಾವಿದ್ದೇವೆ. ಆ ಸೆನ್ಸರಿನ ಹಾಳೆಗೆ ಯಾವಾಗಲೂ ಕರೆಂಟು ಕೊಟ್ಟರೆ ನೀರು ತಾಗಿ ಬೇಗ ತುಕ್ಕು ತಿನ್ನುತ್ತದೆ, ಓದುವ ಹೊತ್ತಿಗೆ ಮಾತ್ರ ಕೊಡು. ಇಬ್ಬನಿಗೂ ಅದು ಮಳೆ ಅಂತ ಕೂಗಬಹುದು. ಕತ್ತಲೆಯಲ್ಲಿ ಕೂಗಬೇಡ ಅಂತ ಬೆಳಕು ಗುರುತಿಸುವ ಎಲ್‌ಡಿಆರ್ ಹಾಕೋಣ ಅಂದರೆ, ರಾತ್ರಿಯೂ ಮಳೆ ಬರುತ್ತದಲ್ವಾ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನೀನೇ ಏನಾದರೂ ಮಾಡು. ನಸುಕಿಗೆ ಸುಮ್ನೆ ಕೂಗಿದರೆ ತೋಡಿಗೆ ಎಸೆಯುತ್ತೇನೆ ಅಂತ ಅಮ್ಮ ಈಗಲೇ ಹೇಳಿಟ್ಟಿದ್ದಾಳೆ.

ನಿನ್ನ,
ಅಪ್ಪ