ಒಡೆಯುತ್ತದೆ ಅಂತ ಗೊತ್ತು, ಚೂರುಗಳು ಮಾತ್ರ ಸಿಕ್ಕಿಲ್ಲ

ಗೆಳೆಯಾ,

ಒಂದು ಅಪವರ್ತನವೂ ಗೊತ್ತಿಲ್ಲದೆ ಒಂದು ಸಂಖ್ಯೆಯನ್ನು ಸಂಯುಕ್ತ, ಅಂದರೆ ಸಣ್ಣ ಸಂಖ್ಯೆಗಳ ಗುಣಲಬ್ಧ, ಅಂತ ಹೇಗೆ ಹೇಳುತ್ತಾರೆ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

2ರ 1277ನೇ ಘಾತದಿಂದ 1 ಕಳೆ. 385 ಅಂಕಿಗಳ ಸಂಖ್ಯೆ ಬರುತ್ತದೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 1277 ಒಂದುಗಳು, ಬೇರೇನೂ ಇಲ್ಲ. ಇದು ಅವಿಭಾಜ್ಯ ಅಲ್ಲ ಅನ್ನುವುದು ಸಾಬೀತಾಗಿದೆ. ಆದರೆ ಇದನ್ನು ಒಡೆಯುವ ಒಂದೇ ಒಂದು ಸಂಖ್ಯೆಯೂ ಇನ್ನೂ ಯಾರಿಗೂ ಸಿಕ್ಕಿಲ್ಲ.

ಹೀಗೆ 2ರ ಘಾತಕ್ಕೆ ಒಂದು ಕಡಿಮೆ ಇರುವ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಅಂತ ಹೆಸರು. ಇವಕ್ಕೊಂದು ಪರೀಕ್ಷೆ ಇದೆ. ಫ್ರೆಂಚ್ ಗಣಿತಜ್ಞ ಲ್ಯೂಕಾಸ್ ಶುರು ಮಾಡಿದ್ದು, ಆಮೇಲೆ ಅಮೆರಿಕದ ಗಣಿತಜ್ಞ ಲೆಹ್ಮರ್ ತಿದ್ದಿ ಸರಳ ಮಾಡಿದ್ದು. 4ರಿಂದ ಹೊರಡು. ಅದರ ವರ್ಗ ಮಾಡು, 2 ಕಳೆ, ನಿನ್ನ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೋ. ಮತ್ತೆ ಅದೇ ಕೆಲಸ. ಘಾತ ಎಷ್ಟಿದೆಯೋ ಅದಕ್ಕಿಂತ ಎರಡು ಕಡಿಮೆ ಸಲ ಮಾಡಬೇಕು. ಘಾತ ಬೆಸ ಅವಿಭಾಜ್ಯವಾಗಿರಬೇಕು, ಅಷ್ಟೇ ಷರತ್ತು. ಕೊನೆಗೆ 0 ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಸಂಯುಕ್ತ.

127 ತಗೋ. ಅದು 2ರ 7ನೇ ಘಾತಕ್ಕೆ ಒಂದು ಕಡಿಮೆ. 4, 14, 67, 42, 111, 0. ಐದು ಸಲಕ್ಕೆ ಸೊನ್ನೆ ಬಂತು. ಈಗ 11ನೇ ಘಾತದ 2047. 4, 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ. ಅವಿಭಾಜ್ಯವಾಗಿದ್ದರೆ ಬರಲೇಬೇಕಿತ್ತು, ಹಾಗಾಗಿ ಇದು ಅವಿಭಾಜ್ಯ ಅಲ್ಲ. ನಿಜವಾಗಿ 2047 ಅಂದರೆ 23 ಗುಣಿಸು 89. ಆದರೆ ಆ 1736ರಲ್ಲಿ 23 ಎಲ್ಲಿದೆ, 89 ಎಲ್ಲಿದೆ? ಎಷ್ಟು ನೋಡಿದರೂ ಕಾಣುವುದಿಲ್ಲ. ಪರೀಕ್ಷೆ ಸಂಖ್ಯೆಯನ್ನು ಒಡೆಯಲು ಹೋಗುವುದೇ ಇಲ್ಲ. ಅವಿಭಾಜ್ಯಕ್ಕೆ ಇರಲೇಬೇಕಾದ ಒಂದು ಗುಣ ಇದೆಯಾ ಅಂತಷ್ಟೇ ನೋಡುತ್ತದೆ. ನನ್ನನ್ನು ಹಿಡಿದಿಟ್ಟಿರುವುದು ಇದೇ.

ಸಂಯುಕ್ತ ಅಂತ ಗೊತ್ತಾಗುವುದಕ್ಕೂ ಅಪವರ್ತನ ಸಿಗುವುದಕ್ಕೂ ನಡುವೆ ಎಷ್ಟು ದೂರ ಇರಬಹುದು ಅಂತೀಯಾ? 67ನೇ ಘಾತದ ಮರ್ಸೆನ್ ಸಂಖ್ಯೆ ಸಂಯುಕ್ತ ಅಂತ ಲ್ಯೂಕಾಸ್ 1876ರಲ್ಲೇ ತೋರಿಸಿದ. ಅದರ ಅಪವರ್ತನಗಳನ್ನು, ಅಂದರೆ 193707721 ಮತ್ತು 761838257287 ಅನ್ನು, ಅಮೆರಿಕದ ಗಣಿತಜ್ಞ ಕೋಲ್ ಜಗತ್ತಿನ ಮುಂದಿಟ್ಟದ್ದು 1903ರಲ್ಲಿ.

ಸಿಗದೇ ಇರುವ ಅಪವರ್ತನದ ಬಗ್ಗೆಯೂ ನಮಗೆ ಸಾಕಷ್ಟು ಗೊತ್ತು, ಇದು ಇನ್ನೂ ಚೆಂದ. 1277ರ ನಮ್ಮ ಸಂಖ್ಯೆಯ ಯಾವ ಅಪವರ್ತನವೇ ಆಗಲಿ, 2554ರಿಂದ ಭಾಗಿಸಿದರೆ 1 ಉಳಿಯಲೇಬೇಕು. 8ರಿಂದ ಭಾಗಿಸಿದರೆ 1 ಅಥವಾ 7. ಸಂಖ್ಯೆ ಪೂರ್ಣವರ್ಗವಂತೂ ಅಲ್ಲ. 4ರಿಂದ ಭಾಗಿಸಿದರೆ ಅದು 3 ಉಳಿಸುತ್ತದೆ, ವರ್ಗಗಳು 0 ಅಥವಾ 1 ಮಾತ್ರ ಉಳಿಸುತ್ತವೆ. ಅತಿ ಸಣ್ಣ ಅಪವರ್ತನಕ್ಕೆ 193ಕ್ಕಿಂತ ಜಾಸ್ತಿ ಅಂಕಿಗಳು ಇರಲಾರವು. ಇಷ್ಟೆಲ್ಲ ಗೊತ್ತು, ಆದರೆ ಒಟ್ಟು ಎಷ್ಟು ಅವಿಭಾಜ್ಯ ಅಪವರ್ತನ ಅಂತ ಗೊತ್ತಿಲ್ಲ. ಎರಡೇ ಇರಬಹುದು, ಜಾಸ್ತಿಯೂ ಇರಬಹುದು.

ಸುಮ್ನೆ ಕೂತಿದ್ದಕ್ಕೆ ಸಿಗಲಿಲ್ಲ ಅಂತಲ್ಲ. ಎಷ್ಟೋ ಜನ ತಮ್ಮ ಕಂಪ್ಯೂಟರುಗಳನ್ನು ಇದರ ಮೇಲೆ ಓಡಿಸುತ್ತಲೇ ಇದ್ದಾರೆ. 1061ನೇ ಘಾತದ್ದು, 320 ಅಂಕಿಗಳದ್ದು, 2012ರಲ್ಲಿ ಒಡೆಯಿತು. 143 ಮತ್ತು 177 ಅಂಕಿಗಳ ಎರಡು ಅವಿಭಾಜ್ಯಗಳು. ಅದಕ್ಕಿಂತ 65 ಅಂಕಿ ಜಾಸ್ತಿ ಅಂದರೆ ಸ್ವಲ್ಪ ಅಂತ ಅನ್ನಿಸುತ್ತೆ, ಅಲ್ವಾ? ಆದರೆ ಆ ಸ್ವಲ್ಪಕ್ಕೇ ಕೆಲಸ ಎಷ್ಟೋ ಪಟ್ಟು ಬೆಳೆಯುತ್ತದೆ. ಒಂದು ಅಪವರ್ತನ ಸಿಕ್ಕರೆ ಮಾತ್ರ ಅದು ಸರಿಯೇ ಅಂತ ನೋಡಲು ಒಂದು ಭಾಗಾಕಾರ ಸಾಕು.

ಬಿಡುವಾದಾಗ 13ನೇ ಘಾತದ 8191ಕ್ಕೆ ನೀನೇ ಪರೀಕ್ಷೆ ಮಾಡು. ಹನ್ನೊಂದು ಸಲ ವರ್ಗ ಮಾಡಬೇಕು, ಒಂದು ಹಾಳೆ ಸಾಕು. ಕೊನೆಯಲ್ಲಿ ಏನು ಬಂತು ಅಂತ ಬರೆ.

ನಿನ್ನ ಗೆಳೆಯ