ಮೆಕ್ಯಾನಿಕಲ್ ಓದಿದವರು ಅಣು ಸ್ಥಾವರಕ್ಕೆ ಬೇಕು

ಮಾನ್ಯರೇ,

ಸಿಇಟಿ ಸೀಟು ಹಂಚಿಕೆ ಹತ್ತಿರ ಬಂತೆಂದರೆ ಶಿವಮೊಗ್ಗದ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಸಿಗುತ್ತಾ? ಮೆಕ್ಯಾನಿಕಲ್ ಎಂದರೆ 'ಅಯ್ಯೋ, ಅದಕ್ಯಾಕೆ ಸೇರಿಸ್ತೀರಿ' ಅನ್ನುವವರೇ ಜಾಸ್ತಿ. ನಾನು ತೀರ್ಥಹಳ್ಳಿ ಕಡೆಯವನು. ಅಣು ವಿದ್ಯುತ್ ಕ್ಷೇತ್ರದಲ್ಲಿ ಹಿರಿಯ ಮೆಕ್ಯಾನಿಕಲ್ ಇಂಜಿನಿಯರ್. ಊರಿಗೆ ಬಂದಾಗಲೆಲ್ಲ ಈ ಮಾತು ಕೇಳಿ ಬೇಸರವಾಗುತ್ತದೆ.

ಅಣು ಸ್ಥಾವರದ ತುಂಬ ಭೌತವಿಜ್ಞಾನಿಗಳೇ ಇರುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಒಳಗೆ ಕಣ್ಣು ಹಾಯಿಸಿದಲ್ಲೆಲ್ಲ ಪಂಪು, ವಾಲ್ವು, ಪೈಪು, ಬೇರಿಂಗು. ನಮ್ಮ ಘಟ್ಟದಲ್ಲೇ ಇರುವ ಕೈಗಾವನ್ನು ನೋಡಿ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು. ಒಂದೊಂದು ರಿಯಾಕ್ಟರಿನಲ್ಲೂ ಅಡ್ಡಲಾಗಿ ಮಲಗಿದ 306 ಕೊಳವೆಗಳು. ಪ್ರತಿ ಕೊಳವೆಯಲ್ಲೂ ಸುಮಾರು ಅರ್ಧ ಮೀಟರ್ ಉದ್ದದ 12 ಇಂಧನದ ಕಟ್ಟುಗಳು. ಇವನ್ನು ಬದಲಿಸಲು ರಿಯಾಕ್ಟರ್ ನಿಲ್ಲಿಸಬೇಕಿಲ್ಲ. ಎರಡು ಯಂತ್ರಗಳು ಬಂದು ಕೊಳವೆಯ ಎರಡೂ ತುದಿ ಕಚ್ಚಿಕೊಳ್ಳುತ್ತವೆ. ಒಂದು ಯಂತ್ರ ಹೊಸ ಕಟ್ಟು ತಳ್ಳುತ್ತದೆ, ಇನ್ನೊಂದು ಹಳೆಯದನ್ನು ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ಒಳಗೆ ಭಾರಜಲ (ಭಾರವಾದ ಬಗೆಯ ಹೈಡ್ರೋಜನ್ ಇರುವ ನೀರು) 250 ಡಿಗ್ರಿಗೂ ಮೀರಿದ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ ಹರಿಯುತ್ತಲೇ ಇರುತ್ತದೆ. ಇದು ಅಪ್ಪಟ ಮೆಕ್ಯಾನಿಕಲ್ ಕೆಲಸ ಅಲ್ವಾ?

ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆಯಿತು. ಆಗ ಅದು ವಿಶ್ವದಾಖಲೆ. ಅಷ್ಟು ದಿನ ಯಂತ್ರ ಸುಮ್ನೆ ತಿರುಗುವುದಿಲ್ಲ. ಬೇರಿಂಗಿನ ಅದುರುವಿಕೆ ಸ್ವಲ್ಪ ಏರಿದರೂ ಗಮನಿಸುವ, ಸೀಲ್ ಸವೆಯುವ ಮೊದಲೇ ಅಂದಾಜು ಮಾಡುವ ಜನ ಹಿಂದೆ ಇರಬೇಕು.

ದುರಸ್ತಿಗೆಂದು ಘಟಕ ನಿಲ್ಲಿಸುವ ಶಟ್‌ಡೌನ್ ಬಂದರೆ ನಮ್ಮ ಕೆಲಸದ ನಿಜವಾದ ಪರೀಕ್ಷೆ. ವಿಕಿರಣ ಇರುವ ಜಾಗದಲ್ಲಿ ಒಂದು ವಾಲ್ವ್ ಬಿಚ್ಚುವ ಮೊದಲು, ಹೊರಗೆ ಅಂಥದ್ದೇ ಮಾದರಿಯ ಮೇಲೆ ಕೈ ಪಳಗಿಸುತ್ತೇವೆ. ಯಾರು ಸ್ಪ್ಯಾನರ್ ಹಿಡಿಯಬೇಕು, ಯಾರು ಎಲ್ಲಿ ನಿಲ್ಲಬೇಕು ಎಲ್ಲ ಮೊದಲೇ ತೀರ್ಮಾನ. ಒಳಗೆ ನಿಂತು ಯೋಚಿಸುವ ಒಂದೊಂದು ನಿಮಿಷದ ವಿಕಿರಣವೂ ಮೈಗೆ ಲೆಕ್ಕ. ಒಳಗೆ ಹೋದ ಸ್ಪ್ಯಾನರ್, ನಟ್ಟು, ಬಟ್ಟೆ ತುಂಡು ಎಲ್ಲವನ್ನೂ ಬರೆದಿಟ್ಟು, ಹೊರಬರುವಾಗ ಎಣಿಸುತ್ತೇವೆ. ಒಂದು ವಾಷರ್ ಕಡಿಮೆಯಾದರೂ ಹುಡುಕಬೇಕು. ಅದು ಪೈಪಿನೊಳಗೆ ಉಳಿದರೆ ನೀರಿನ ಜೊತೆ ಎಲ್ಲಿಗೆ ಹೋಗಿ ಸಿಕ್ಕಿಕೊಳ್ಳುತ್ತದೋ ಹೇಳಲಾಗದು.

ಹೆತ್ತವರ ಮೊದಲ ಭಯ ವಿಕಿರಣದ್ದೇ. ಕೇಳುವುದು ತಪ್ಪಲ್ಲ, ಕೇಳಲೇಬೇಕು. ಕೆಲಸಗಾರರಿಗೆ ಐದು ವರ್ಷಕ್ಕೆ 100 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು ಎಂಬ ಮಿತಿ ಇದೆ. ಎದೆಯ ಮೇಲಿನ ಬ್ಯಾಡ್ಜ್ ಎಷ್ಟು ತಗುಲಿತು ಎಂಬುದನ್ನು ದಾಖಲಿಸುತ್ತದೆ. ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿದವರು. ಅಂಥವರು ಎತ್ತಿದ ಪ್ರಶ್ನೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶರಾವತಿಯ ಕರೆಂಟಿಗಾಗಿ ಮನೆ, ಗದ್ದೆ ಮುಳುಗಿಸಿಕೊಂಡ ನೆಲದವರು ನಾವು. ಹಾಗಿರುವಾಗ ನಮ್ಮ ಊರಿನ ಮಕ್ಕಳೇ ಒಳಗೆ ಇದ್ದು, ಕಂಡದ್ದನ್ನು ಕನ್ನಡದಲ್ಲಿ ಹೇಳುವಂತಾದರೆ ಒಳ್ಳೆಯದು.

ಕೈಗಾದಲ್ಲಿ ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳ ಯೋಜನೆಯಿದೆ. 2047ಕ್ಕೆ ದೇಶದಲ್ಲಿ 100 ಗಿಗಾವಾಟ್ ಅಣು ವಿದ್ಯುತ್ ಎಂಬುದು ಕೇಂದ್ರದ ಗುರಿ. ಬಿಇ ಮುಗಿಸಿದವರು ಗೇಟ್ ಪರೀಕ್ಷೆಯ ಅಂಕದ ಮೇಲೆ ಅಣು ವಿದ್ಯುತ್ ನಿಗಮಕ್ಕೆ ತರಬೇತಿ ಇಂಜಿನಿಯರ್ ಆಗಿ ಅರ್ಜಿ ಹಾಕಬಹುದು. ಡಿಪ್ಲೊಮಾ, ಐಟಿಐ ಆದವರಿಗೂ ಸ್ಟೈಪೆಂಡ್ ಕೊಟ್ಟು ತರಬೇತಿ ನೀಡುವ ನೇಮಕಾತಿಗಳಿವೆ. ಭದ್ರಾವತಿಯ ಉಕ್ಕಿನ ಕಾರ್ಖಾನೆ, ಮಾಚೇನಹಳ್ಳಿಯ ಫೌಂಡ್ರಿಗಳ ಪಕ್ಕದಲ್ಲೇ ಬೆಳೆದ ಹುಡುಗ ಹುಡುಗಿಯರಿಗೆ ಲೋಹದ ಕೆಲಸ ಹೊಸದಲ್ಲ. ಇಂಥ ದಾರಿ ಇದೆ ಎಂದು ಹೇಳುವವರು ಬೇಕು ಅಷ್ಟೆ.

ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳು ಮೂರನೇ ವರ್ಷದಲ್ಲೇ ಗೇಟ್ ತಯಾರಿ ಶುರು ಮಾಡಲಿ. ತಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಈ ನೇಮಕಾತಿ ಪ್ರಕಟಣೆಗಳಿಗೂ ಜಾಗ ಕೊಡಿ. ಯಾವ ಕಾಲೇಜಿನವರು ಕರೆದರೂ, ರಜೆಗೆ ಬಂದಾಗ ಮಕ್ಕಳ ಜೊತೆ ಕೂತು ಮಾತಾಡಲು ನಾನು ಸಿದ್ಧ.

– ಹಿರಿಯ ಮೆಕ್ಯಾನಿಕಲ್ ಇಂಜಿನಿಯರ್, ತೀರ್ಥಹಳ್ಳಿ