ಅಂಕಪಟ್ಟಿ ನಿನ್ನದಲ್ಲ, ಮಗನದು

ಪ್ರೀತಿಯ ಗೆಳೆಯಾ,

ಮಗ ಎಸ್ಸೆಸ್ಸೆಲ್ಸಿ ಪಾಸಾದ ಖುಷಿ ನನಗೂ ನಿನ್ನಷ್ಟೇ ಇದೆ. ಗಣಿತ ಅಂದರೆ ಹೆದರುತ್ತಿದ್ದ ಹುಡುಗ ಎಷ್ಟು ಕಷ್ಟಪಟ್ಟ ಅಂತ ನೋಡಿದ್ದೇನೆ. ಆದರೆ ಅವನ ಅಂಕಪಟ್ಟಿಯ ಫೋಟೋವನ್ನು ನೀನು ಫೇಸ್‌ಬುಕ್‌ಗೂ ವಾಟ್ಸ್ಯಾಪ್ ಸ್ಟೇಟಸ್‌ಗೂ ಹಾಕಿದ್ದು ನನಗೆ ಸರಿ ಕಾಣಲಿಲ್ಲ. ಫೋನಿನಲ್ಲಿ ಹೇಳಿದರೆ "ಎಲ್ಲರೂ ಹಾಕ್ತಾರೆ ಬಿಡೋ" ಅಂದೆ. ಅದಕ್ಕೇ ಈ ಪತ್ರ. ಬೇರೆ ಅಪ್ಪ-ಅಮ್ಮಂದಿರೂ ಓದಲಿ ಅಂತ, ನಿನ್ನ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ನಿಮ್ಮಿಬ್ಬರ ಹೆಸರು ಬರೆದಿಲ್ಲ.

ಆ ಹಾಳೆಯನ್ನು ಇನ್ನೊಮ್ಮೆ ನೋಡು. ಅವನ ಹೆಸರು, ಅಪ್ಪ-ಅಮ್ಮನ ಹೆಸರು, ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆ, ಶಾಲೆ, ಎಲ್ಲ ಅದರಲ್ಲೇ ಇದೆ. "ಒಳ್ಳೆ ಕಾಲೇಜಲ್ಲಿ ಸೀಟು ಕೊಡಿಸ್ತೀವಿ" ಅಂತ ಫೋನ್ ಮಾಡುವ ಮೋಸಗಾರನಿಗೆ ಇನ್ನೇನು ಬೇಕು ಹೇಳು?

"ನನ್ನ ಲಿಸ್ಟ್‌ನಲ್ಲಿ ಇರೋರೆಲ್ಲ ನಮ್ಮವರೇ" ಅಂದೆಯಲ್ಲ, ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣ ನೆನಪಿದೆಯಾ? ಒಂದು ಕ್ವಿಜ್ ಆ್ಯಪ್ ಮೂಲಕ ಫೇಸ್‌ಬುಕ್ ಬಳಸುವವರ ಮಾಹಿತಿ ಆ ಹೆಸರಿನ ರಾಜಕೀಯ ಸಲಹಾ ಕಂಪನಿಯ ಕೈಗೆ ಹೋಗಿತ್ತು. ಅದು ಹೊರಬಿದ್ದದ್ದು 2018ರಲ್ಲಿ. ಫೇಸ್‌ಬುಕ್ಕೇ ಕೊಟ್ಟ ಲೆಕ್ಕದ ಪ್ರಕಾರ ಆ ಕ್ವಿಜ್ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು ಬರೀ 335 ಜನ. ಮಾಹಿತಿ ಸೋರಿರಬಹುದಾದವರು 5,62,455 ಜನ! ಮಿಕ್ಕವರು ಆ ಆ್ಯಪನ್ನು ಮುಟ್ಟಿದವರೇ ಅಲ್ಲ. ಮುಟ್ಟಿದವರ ಫ್ರೆಂಡ್ಸ್ ಲಿಸ್ಟ್‌ನಲ್ಲಿ ಇದ್ದರು, ಅಷ್ಟೇ. ನಿನ್ನ ಮಗನೂ ಏನನ್ನೂ ಹಾಕಿರಲಿಲ್ಲ. ಹಾಕಿದವನು ನೀನು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. ಎಂಬತ್ತು ದಾಟಿದ ಮೇಲೆ ಆ ಹಿರಿಯರು ಕೋರ್ಟಿಗೆ ಹೋದರು. ಹದಿನೈದು-ಹದಿನಾರರ ಹುಡುಗನಿಗೂ ಆ ಹಕ್ಕು ಇದೆ ಕಣೋ.

ನನಗೆ ಜಾಸ್ತಿ ನೋವಾದದ್ದು ಇದ್ಯಾವುದೂ ಅಲ್ಲ. ಪೋಸ್ಟಿನ ಕೆಳಗೆ ಒಬ್ಬರು "ವಿಜ್ಞಾನದಲ್ಲಿ ಯಾಕೆ ಕಡಿಮೆ?" ಅಂತ ಕೇಳಿದ್ದರು. ಇನ್ನೊಬ್ಬರು ತಮ್ಮ ಮಗಳ ಅಂಕ ಬರೆದಿದ್ದರು. ನೀನು ಎಲ್ಲರಿಗೂ ಸಮಜಾಯಿಷಿ ಕೊಡುತ್ತಾ ಹೋದೆ. ಹುಡುಗ ಅದನ್ನೆಲ್ಲ ಓದದೆ ಇರುತ್ತಾನಾ? ನಮ್ಮ ಕಾಲದಲ್ಲಿ ಪಾಸಾದರೆ ಪೇಡಾ ಹಿಡಿದು ನಾವೇ ಮನೆಮನೆಗೆ ಹೋಗುತ್ತಿದ್ದೆವು. ಯಾರಿಗೆ ಅಂಕ ಹೇಳಬೇಕು, ಯಾರ ಹತ್ತಿರ ಸುಮ್ನೆ "ಪಾಸಾದೆ" ಅನ್ನಬೇಕು ಅನ್ನೋದು ನಮ್ಮ ಕೈಯಲ್ಲಿತ್ತು. ಮೊನ್ನೆ ಶುಭಾಶಯ ಹೇಳೋಣ ಅಂತ ಅವನಿಗೆ ಫೋನ್ ಮಾಡಿದೆ. "ಅಪ್ಪನ ಸ್ಟೇಟಸ್ ನೋಡಿರ್ತೀರಲ್ಲ ಮಾಮ" ಅಂದ. ಮಾತು ಅಲ್ಲಿಗೇ ನಿಂತುಹೋಯಿತು. ಚಿಕ್ಕಂದಿನಿಂದ ನನ್ನ ಹೆಗಲ ಮೇಲೆ ಕೂತು ಬಾಯಿಗೆ ಬಿಡುವಿಲ್ಲದೆ ಮಾತಾಡಿದ ಹುಡುಗ ಅವನು.

ಫೇಸ್‌ಬುಕ್ ಪೋಸ್ಟನ್ನು ಇವತ್ತೇ ತೆಗೆ. ಸ್ಟೇಟಸ್ 24 ಗಂಟೆಯಲ್ಲಿ ತಾನಾಗೇ ಹೋಗಿದೆ, ಆದರೆ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದವರಿಗೆ ನೀನೇ ಫೋನ್ ಮಾಡಿ ಅಳಿಸಲು ಹೇಳಬೇಕು. ಇನ್ನು ಮುಂದೆ ಕೇಳದೆ ಹಾಕಲ್ಲ ಅಂತ ಮಗನಿಗೂ ಒಂದು ಮಾತು ಹೇಳು. ಮುಂದಿನ ವಾರ ಊರಿಗೆ ಬರುತ್ತೇನೆ. ಪಿಯುಸಿಗೆ ಏನು ತಗೋತಾನೆ ಅಂತ ಅವನ ಬಾಯಿಂದಲೇ ಕೇಳಬೇಕು. ನೀನು ಮೊದಲೇ ಹೇಳಬೇಡ.

ಇಂತಿ ನಿನ್ನ,
ಗೆಳೆಯ